ಪದ ಪರಿಚಯ: ಕಗ್ಗಂಟು

ಜೋಳದ ಚೀಲದ ಬಾಯಿಗೆ ಹಾಕಿದ ಜಾರುಗಂಟು ತುದಿ ಹಿಡಿದು ಜಗ್ಗಿದರೆ ಬಿಚ್ಚಿಕೊಳ್ಳುತ್ತದೆ. ಕಗ್ಗಂಟಿಗೆ ತುದಿಯೇ ಸಿಗುವುದಿಲ್ಲ, ಜಗ್ಗಿದಷ್ಟೂ ಬಿಗಿಯುತ್ತದೆ. ಸಮಾಜದ ಕೆಲವು ಸಮಸ್ಯೆಗಳೂ ಹೀಗೇ ಎಂದು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಹಾರ್ಸ್ಟ್ ರಿಟೆಲ್ ಮತ್ತು ಮೆಲ್ವಿನ್ ವೆಬ್ಬರ್ 1973ರಲ್ಲಿ ಬರೆದರು. ಅವರು 'ವಿಕೆಡ್ ಪ್ರಾಬ್ಲಮ್' ಎಂದದ್ದಕ್ಕೆ ಕಗ್ಗಂಟಿಗಿಂತ ಒಪ್ಪುವ ಮಾತು ನನಗೆ ಕಾಣದು. ಸೇತುವೆ ಕಟ್ಟುವುದು ಕಷ್ಟ, ಆದರೆ ಕಗ್ಗಂಟಲ್ಲ. ಕೆಲಸ ಮುಗಿದದ್ದು ಕಣ್ಣಿಗೆ ಕಾಣುತ್ತದೆ. ಕಗ್ಗಂಟಿನಲ್ಲಿ ಮುಗಿಯಿತು ಅನ್ನುವ ದಿನ ಬರುವುದಿಲ್ಲ. ಸಮಸ್ಯೆ ಏನು ಎನ್ನುವುದರಲ್ಲೇ ಒಬ್ಬೊಬ್ಬರದು ಒಂದೊಂದು ಮಾತು.

ಮನೆಯಿಲ್ಲದವರ ಪಾಡನ್ನೇ ನೋಡಿ. ರಸ್ತೆಬದಿ, ಫುಟ್‌ಪಾತ್, ರೈಲ್ವೆ ಪ್ಲಾಟ್‌ಫಾರಂ, ಗುಡಿಯ ಮಂಟಪಗಳಲ್ಲಿ ಮಲಗುವವರು ಜನಗಣತಿಯ ಲೆಕ್ಕದಲ್ಲಿ ವಸತಿರಹಿತರು. 2011ರ ಫೆಬ್ರುವರಿ 28ರ ರಾತ್ರಿ ಎಣಿಸಿದಾಗ ದೇಶದಲ್ಲಿ ಅಂಥವರು ಸುಮಾರು 17.7 ಲಕ್ಷ. ಆ ಹೊತ್ತಿಗೆ ನಮ್ಮ ಕಲಬುರಗಿ ಸೀಮೆಯಲ್ಲಿ ತೊಗರಿ ರಾಶಿ ಮುಗಿದಿರುತ್ತದೆ. ಹಳ್ಳಿ, ತಾಂಡಾಗಳ ಎಷ್ಟೋ ಮಂದಿ ಮುಂಬಯಿ, ಪುಣೆ, ಹೈದರಾಬಾದಿಗೆ ಗುಳೆ ಹೋಗಿರುತ್ತಾರೆ. ಊರಿನ ಮನೆಗೆ ಬೀಗ, ಅಲ್ಲಿ ಕಟ್ಟಡದ ಬದಿಗೆ ತಾಡಪತ್ರಿ ಕಟ್ಟಿ ವಾಸ. ಇವರು ಮನೆ ಇದ್ದವರೋ, ಇಲ್ಲದವರೋ? ಊರಲ್ಲಿ ಹೊಸ ಮನೆ ಮಂಜೂರಾದರೂ ಗುಳೆ ನಿಲ್ಲದು. ಅವರಿಗೆ ಬೇಕಾದದ್ದು ಬೇಸಿಗೆಯಲ್ಲಿ ಕೈಗೆ ಕೆಲಸ.

ಸರ್ಕಾರ ಸುಮ್ಮನೆ ಕೂತಿಲ್ಲ. ನಗರದ ಪ್ರತಿ 1 ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಮಂದಿಗೆ ಆಶ್ರಯ, ತಲೆಗೆ 50 ಚದರಡಿ ಜಾಗ ಎಂದು ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಗೊತ್ತು ಮಾಡಿತು. 2011ರಲ್ಲೇ 5 ಲಕ್ಷ ದಾಟಿದ್ದ ಕಲಬುರಗಿಗೆ ಆ ಲೆಕ್ಕದಲ್ಲಿ 500 ಮಂದಿಗೆ ಜಾಗ ಬೇಕು. ಇದು ಎಣಿಸಿ ಮಾಡುವ ಕೆಲಸ, ಸರ್ಕಾರ ಮಾಡಲೇಬೇಕು. ಚಳಿಗಾಲದ ರಾತ್ರಿ ಒಂದು ಕೌದಿಯೂ ಜೀವ ಉಳಿಸುತ್ತದೆ.

ಎಣಿಕೆಗೆ ಸಿಗದ್ದು ಬೇರೆಯೇ ಇದೆ. ಸ್ಟೇಷನ್ ಹೊರಗೆ ಮಲಗುತ್ತಿದ್ದ, ರದ್ದಿ ಆಯುವ ಹಿರಿಯರೊಬ್ಬರನ್ನು ಒಮ್ಮೆ ಕೇಳಿದೆ: "ಕಾಕಾ, ಆಶ್ರಯ ಕೇಂದ್ರಕ್ಕ ಯಾಕ ಹೋಗಂಗಿಲ್ರಿ?"

"ಅಲ್ಲಿ ಹೋಗಿ ಮಕ್ಕೊಂಡ್ರ ನನ್ನ ಬಂಡಿ ಯಾರ್ ಕಾಯ್ತಾರಪಾ?"

ತಳ್ಳುಬಂಡಿಯ ಹಿಡಿಗೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡಿದ್ದರು. ನಿದ್ದೆಯಲ್ಲಿ ಯಾರಾದರೂ ಬಂಡಿ ಎಳೆದರೆ ಎಚ್ಚರಾಗಬೇಕಲ್ಲ. ಆಶ್ರಯ ಕೇಂದ್ರದ ಅಂಗಳದಲ್ಲಿ ಬಂಡಿಗೂ ಬೀಗದ ಜಾಗ ಬೇಕೆಂದು ನನಗೆ ಹೊಳೆದದ್ದು ಆ ಹಗ್ಗ ಕಂಡ ಮೇಲೆ. ಅಷ್ಟನ್ನು ಪಾಲಿಕೆ ಮಾಡಿಕೊಡಬಹುದು. ಆದರೆ ಕಾಕಾಗೆ ಆಳಂದದ ಕಡೆ ಮಗನಿದ್ದಾನೆ, ಮನೆಯೂ ಇದೆ. ಮಾತು ಬಿಟ್ಟು ವರ್ಷಗಳಾದವಂತೆ. ಮಧ್ಯಾಹ್ನ ಶರಣಬಸವೇಶ್ವರ ಗುಡಿಯ ದಾಸೋಹದಲ್ಲಿ ಉಣ್ಣುತ್ತಾರೆ. ಅಲ್ಲಿ ಬಡಿಸುವವರು "ನಿನ್ನೆ ಬರಲಿಲ್ಲಲ್ರಿ ಕಾಕಾ" ಎಂದು ಕೇಳುತ್ತಾರಂತೆ. ಅದನ್ನು ಹೇಳುವಾಗ ಮಾತ್ರ ಅವರ ಮುಖ ಅರಳಿತ್ತು.