617ನೇ ಸ್ಕ್ವಾಡ್ರನ್ ಮತ್ತೆ ಮತ್ತೆ ಊರು ಬದಲಿಸಿದ್ದೇಕೆ?

ಇಂಗ್ಲೆಂಡಿನ ಲಿಂಕನ್ ನಗರದಿಂದ ಉತ್ತರಕ್ಕೆ ಹೊರಡುವ ಎ15 ಹೆದ್ದಾರಿ ಸಾಗುವುದು ರೋಮನ್ನರು ಹಾಕಿದ ಹಳೆಯ ದಾರಿಯ ಮೇಲೆ. ರೋಮನ್ ರಸ್ತೆಗಳು ನೇರಕ್ಕೆ ಹೆಸರುವಾಸಿ. ಆದರೆ ಸ್ಕ್ಯಾಂಪ್ಟನ್ ಎಂಬಲ್ಲಿ ಈ ರಸ್ತೆ ಬಿಲ್ಲಿನಂತೆ ಪೂರ್ವಕ್ಕೆ ಬಾಗಿ, ಒಂದಷ್ಟು ದೂರ ಹೋಗಿ ಮತ್ತೆ ಹಳೆಯ ಜಾಡಿಗೆ ಬಂದು ಸೇರುತ್ತದೆ. ಅಡ್ಡ ಬಂದದ್ದು ಬೆಟ್ಟವಲ್ಲ, ಹೊಳೆಯೂ ಅಲ್ಲ. 1950ರ ದಶಕದಲ್ಲಿ ವಲ್ಕನ್ ಎಂಬ ಜೆಟ್ ಬಾಂಬರ್‌ಗಾಗಿ ಅಲ್ಲಿನ ವಾಯುನೆಲೆಯ ರನ್‌ವೇಯನ್ನು ಸುಮಾರು 2,700 ಮೀಟರಿಗೆ ಹಿಗ್ಗಿಸಿದಾಗ ಹೆದ್ದಾರಿಯೇ ಪಕ್ಕಕ್ಕೆ ಸರಿಯಬೇಕಾಯಿತು.

ಆ ರನ್‌ವೇ ಬಳಸಿದವರಲ್ಲಿ ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್‌ನ 617ನೇ ಸ್ಕ್ವಾಡ್ರನ್ನೂ ಒಂದು. 1943ರ ಮೇ 16ರ ರಾತ್ರಿ ಜರ್ಮನಿಯ ಅಣೆಕಟ್ಟುಗಳ ಮೇಲೆ ದಾಳಿ ಮಾಡಿ 'ಡ್ಯಾಮ್‌ಬಸ್ಟರ್ಸ್' ಎಂದು ಹೆಸರಾದ ದಳ ಇದೇ. ಆ ದಾಳಿಯ ಕಥೆಯನ್ನು ಸಾವಿರ ಸಲ ಹೇಳಿಯಾಗಿದೆ. ಈ ದಳ ಎಂಟು ದಶಕಗಳಲ್ಲಿ ಎಲ್ಲೆಲ್ಲಿ ಬಿಡಾರ ಹೂಡಿತು, ಯಾಕೆ ಎದ್ದು ಹೋಯಿತು ಎಂಬುದು ನನ್ನ ಮಟ್ಟಿಗೆ ಅದಕ್ಕಿಂತ ಸ್ವಾರಸ್ಯದ ಕಥೆ. ಅದರಲ್ಲಿ ಸೇನಾಧಿಕಾರಿಗಳ ಇಷ್ಟಾನಿಷ್ಟಕ್ಕಿಂತ ಹೆಚ್ಚು ಮಾತು ನಡೆದದ್ದು ಮಣ್ಣು, ಕಾಂಕ್ರೀಟು ಮತ್ತು ಇಂಧನದ ಲೆಕ್ಕಾಚಾರದ್ದು.

1943ರ ಮಾರ್ಚ್‌ನಲ್ಲಿ ಸ್ಕ್ಯಾಂಪ್ಟನ್‌ನಲ್ಲಿ ದಳ ಹುಟ್ಟಿದಾಗ ಅಲ್ಲಿ ಕಾಂಕ್ರೀಟಿನ ರನ್‌ವೇ ಇರಲಿಲ್ಲ. ನಾಲ್ಕು ಟನ್ನಿಗೂ ಮಿಕ್ಕಿದ ಬಾಂಬು ಹೊತ್ತ ಲ್ಯಾಂಕಾಸ್ಟರ್ ವಿಮಾನಗಳು ಅಣೆಕಟ್ಟು ದಾಳಿಗೆ ಎದ್ದದ್ದು ಹುಲ್ಲು ಮೈದಾನದಿಂದ. ಹುಲ್ಲುನೆಲದ ತೊಂದರೆ ಏನೆಂದರೆ, ಮಳೆಗೆ ಮಣ್ಣು ಮೆತ್ತಗಾದರೆ ಚಕ್ರ ಹೂತು, ಎಂಜಿನ್ನಿನ ಬಲದಲ್ಲಿ ಒಂದು ಪಾಲು ನೆಲದ ಜೊತೆ ಗುದ್ದಾಡುವುದರಲ್ಲೇ ಕಳೆಯುತ್ತದೆ. ಮೇಲಿನಿಂದ ತೂಕ ಬೇರೆ. ರೆಕ್ಕೆಯ ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ, ಹಾಗಾಗಿ ಭಾರದ ವಿಮಾನ ನೆಲ ಬಿಡಲು ಹೆಚ್ಚು ವೇಗ ಬೇಕು. ಆ ಭಾರವನ್ನು ಆ ವೇಗಕ್ಕೆ ತರಬೇಕಾದ ಎಂಜಿನ್ ಮಾತ್ರ ಅದೇ. ಎರಡೂ ಸೇರಿ, ತೂಕ ಶೇ. 10ರಷ್ಟು ಏರಿದರೆ ಓಡಬೇಕಾದ ದೂರ ಶೇ. 20ಕ್ಕೂ ಮೇಲೆ ಏರುತ್ತದೆ. ಬಾಂಬರ್‌ಗಳು ದಪ್ಪಗಾಗುತ್ತ ಹೋದಂತೆ ಹುಲ್ಲಿನ ಕಾಲ ಮುಗಿಯಿತು. ಅದೇ ವರ್ಷದ ಆಗಸ್ಟ್ ಕೊನೆಗೆ ಸ್ಕ್ಯಾಂಪ್ಟನ್ನಿಗೆ ಕಾಂಕ್ರೀಟು ಹಾಕಲು ಬೀಗ ಬಿತ್ತು, ದಳ ಕಾನಿಂಗ್ಸ್‌ಬಿಗೆ ಹೋಯಿತು. 1944ರ ಜನವರಿಯಲ್ಲಿ ಕೂಗಳತೆಯ ವುಡ್‌ಹಾಲ್ ಸ್ಪಾಕ್ಕೆ ಮತ್ತೆ ಸ್ಥಳಾಂತರ. ಅಲ್ಲಿ ಅಧಿಕಾರಿಗಳ ವಾಸಕ್ಕೆ ಪೆಟ್‌ವುಡ್ ಎಂಬ ಭವ್ಯ ಹೋಟೆಲೇ ಸಿಕ್ಕಿತು. ಯುದ್ಧಕಾಲದ ತಗಡಿನ ಶೆಡ್ಡುಗಳಲ್ಲಿ ನಡುಗುತ್ತಿದ್ದ ಬೇರೆ ದಳದವರ ಹೊಟ್ಟೆ ಉರಿದಿದ್ದರೆ ಆಶ್ಚರ್ಯವಿಲ್ಲ.

ಇಲ್ಲಿಂದಲೇ ಮುಂದೆ ಸುಮಾರು 10 ಟನ್ನಿನ 'ಗ್ರ್ಯಾಂಡ್ ಸ್ಲ್ಯಾಮ್' ಬಾಂಬು ಹೊತ್ತ ಲ್ಯಾಂಕಾಸ್ಟರ್‌ಗಳು ಎದ್ದವು. ಬಾಂಬು ಒಳಗೆ ಹಿಡಿಸದೆ ಹೊಟ್ಟೆಯ ಬಾಗಿಲನ್ನೇ ಕಿತ್ತು ಹಾಕಿದ್ದರು. ಹಾರುವಾಗ ರೆಕ್ಕೆಯ ತುದಿಗಳು ಮೇಲಕ್ಕೆ ಬಾಗಿರುವುದು ಪಕ್ಕದ ವಿಮಾನದವರಿಗೆ ಬರಿಗಣ್ಣಿಗೇ ಕಾಣುತ್ತಿತ್ತು. ಈ ಬಾಂಬುಗಳು ದುಬಾರಿ, ತಯಾರಿಕೆಯೂ ನಿಧಾನ. ಗುರಿ ಕಾಣದಿದ್ದರೆ ಸಮುದ್ರಕ್ಕೆ ಎಸೆಯದೆ ವಾಪಸ್ ತರಬೇಕಿತ್ತು. ಅಂದರೆ ಇಳಿಯುವಾಗಿನ ಪೆಟ್ಟನ್ನೂ ರನ್‌ವೇ ತಾಳಬೇಕು.

ನೆಲೆ ಬೇರೆ, ಜಿಗಿತದ ಹಲಗೆ ಬೇರೆ ಎಂಬುದು ಟಿರ್ಪಿಟ್ಸ್ ಎಂಬ ಜರ್ಮನ್ ಯುದ್ಧನೌಕೆಯ ಬೇಟೆಯಲ್ಲಿ ಚೆನ್ನಾಗಿ ಕಾಣುತ್ತದೆ. ನೌಕೆ ನಾರ್ವೆಯ ಉತ್ತರ ತುದಿಯ ಕಾಫ್ಯೋರ್ಡ್‌ನಲ್ಲಿ ಅಡಗಿತ್ತು. ಸ್ಕಾಟ್ಲೆಂಡಿನಿಂದ ಹೊರಟರೂ 5.4 ಟನ್ನಿನ 'ಟಾಲ್‌ಬಾಯ್' ಬಾಂಬು ಹೊತ್ತು ಅಲ್ಲಿಗೆ ಹೋಗಿ ಮರಳುವಷ್ಟು ಇಂಧನ ತುಂಬುವುದು ಸಾಧ್ಯವಿರಲಿಲ್ಲ. ಹಾಗಾಗಿ 1944ರ ಸೆಪ್ಟೆಂಬರ್‌ನಲ್ಲಿ 617 ಮತ್ತು 9ನೇ ದಳಗಳು ರಷ್ಯಾದ ಅರ್ಖಾಂಗೆಲ್ಸ್ಕ್ ಬಳಿಯ ಯಾಗೊದ್ನಿಕ್‌ಗೆ ಹೋಗಿ, ಅಲ್ಲಿಂದ ದಾಳಿ ಮಾಡಿದವು. ಪೆಟ್ಟು ತಿಂದ ನೌಕೆಯನ್ನು ಜರ್ಮನ್ನರು ನಾರ್ವೆಯಲ್ಲೇ ಇರುವ ಟ್ರೊಮ್ಸೊ ಬಳಿಗೆ ತಂದರು. ಲೆಕ್ಕ ಕೆಟ್ಟದ್ದೇ ಅಲ್ಲಿ. ಸ್ಕಾಟ್ಲೆಂಡಿನ ಲಾಸಿಮೌತ್‌ನಿಂದ ಟ್ರೊಮ್ಸೊ ಸುಮಾರು 1,700 ಕಿ.ಮೀ., ಕಾಫ್ಯೋರ್ಡ್‌ಗಿಂತ ಹೋಗಿ ಬರುವಲ್ಲಿ ಸುಮಾರು 300 ಕಿ.ಮೀ. ಕಡಿಮೆ. ವಿಮಾನದ ಬೆನ್ನ ಮೇಲಿನ ಫಿರಂಗಿ ಗೋಪುರ ಕಿತ್ತು, ಒಳಗೆ ಹೆಚ್ಚುವರಿ ಟ್ಯಾಂಕ್ ತುರುಕಿ, ಹೆಚ್ಚು ಶಕ್ತಿಯ ಎಂಜಿನ್ ಕೂರಿಸಿದರೆ ಆ ದೂರ ನಿಭಾಯಿಸಬಹುದಿತ್ತು. ನವೆಂಬರ್ 12ರಂದು ಲಾಸಿಮೌತ್ ಕಡೆಯಿಂದ ಹೊರಟ ವಿಮಾನಗಳು ಟಿರ್ಪಿಟ್ಸ್ ಅನ್ನು ಮಗುಚಿ ಹಾಕಿದವು.

ಯುದ್ಧ ಮುಗಿದ ಮೇಲೆ 1946ರಲ್ಲಿ ಕೆಲವು ತಿಂಗಳು ದಳ ಬಂಗಾಳದ ದಿಗ್ರಿಯಲ್ಲಿತ್ತು, ಬಳಿಕ ಇಂಗ್ಲೆಂಡಿನ ಬಿನ್‌ಬ್ರೂಕ್‌ಗೆ ಮರಳಿ 1955ರಲ್ಲಿ ವಿಸರ್ಜನೆಯಾಯಿತು. 1958ರಲ್ಲಿ ಮರುಹುಟ್ಟು ಪಡೆದದ್ದು ಹಿಗ್ಗಿಸಿದ ಸ್ಕ್ಯಾಂಪ್ಟನ್‌ನಲ್ಲೇ, ವಲ್ಕನ್ ಜೊತೆ. ಈ ಸಲ ಉದ್ದವೊಂದೇ ಸಾಲಲಿಲ್ಲ. ವಲ್ಕನ್ ಹೊರುತ್ತಿದ್ದ 'ಬ್ಲೂ ಸ್ಟೀಲ್' ಅಣು ಕ್ಷಿಪಣಿಯ ಎಂಜಿನ್ ಸಾಂದ್ರ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಸೀಮೆಎಣ್ಣೆಯಿಂದ ಉರಿಯುತ್ತಿತ್ತು. ಈ ಪೆರಾಕ್ಸೈಡ್‌ಗೆ ಧೂಳು, ಎಣ್ಣೆ, ತುಕ್ಕು ಯಾವುದು ತಾಗಿದರೂ ವಿಭಜನೆಗೊಂಡು ಬಿಸಿ ಹಬೆ ಮತ್ತು ಆಮ್ಲಜನಕ ಚಿಮ್ಮುತ್ತದೆ. ಅದನ್ನು ತುಂಬಿಸಲು ಪ್ರತ್ಯೇಕ ಕಟ್ಟಡ, ರಕ್ಷಾ ಉಡುಪು, ಪಕ್ಕದಲ್ಲೇ ಯಥೇಚ್ಛ ನೀರು ಇರಲೇಬೇಕು. ಇಂಥ ಸೌಕರ್ಯವಿಲ್ಲದ ಕಡೆ ದಳವನ್ನು ಕಳಿಸುವ ಮಾತೇ ಇಲ್ಲ.

1981ರ ಕೊನೆಗೆ ವಲ್ಕನ್ ಹೋಯಿತು. 1983ರಲ್ಲಿ ಟೊರ್ನಾಡೊ ವಿಮಾನದೊಂದಿಗೆ ದಳ ನಾರ್ಫೋಕ್‌ನ ಮಾರ್ಹಮ್‌ನಲ್ಲಿ ಎದ್ದು ನಿಂತಿತು. 1994ರಲ್ಲಿ ಹಡಗುಗಳ ಮೇಲೆ ದಾಳಿಯ ಹೊಣೆ ಹೆಗಲಿಗೆ ಬಂದಾಗ ಉತ್ತರ ಸಮುದ್ರಕ್ಕೆ ಮುಖ ಮಾಡಿದ ಲಾಸಿಮೌತ್‌ಗೆ ಹೋಯಿತು. ಟಿರ್ಪಿಟ್ಸ್ ಬೇಟೆಗೆ ಜಿಗಿದ ಹಲಗೆಯೇ ಐವತ್ತು ವರ್ಷಗಳ ಮೇಲೆ ಮನೆಯಾಯಿತು.

2014ರಲ್ಲಿ ಮತ್ತೆ ವಿಸರ್ಜನೆ, 2018ರಲ್ಲಿ ಎಫ್-35ಬಿ ಜೊತೆ ಮತ್ತೆ ಮಾರ್ಹಮ್. ಈ ವಿಮಾನಕ್ಕೆ ಉದ್ದದ ರನ್‌ವೇಗಿಂತ ಬಿಸಿ ತಾಳುವ ನೆಲ ಮುಖ್ಯ. ನೇರವಾಗಿ ಕೆಳಗಿಳಿಯುವಾಗ ಎಂಜಿನ್ನಿನ ಬಿಸಿಗಾಳಿ ಒಂದೇ ಜಾಗಕ್ಕೆ ಬಡಿಯುತ್ತದೆ. ಡಾಂಬರು ಮೆತ್ತಗಾಗುತ್ತದೆ. ಮಾಮೂಲಿ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳಲ್ಲಿರುವ ನೀರು ಆವಿಯಾಗಿ, ಹೊರಬರಲು ದಾರಿ ಸಿಗದೆ, ಮೇಲ್ಪದರವನ್ನೇ ಚಕ್ಕೆ ಚಕ್ಕೆಯಾಗಿ ಸಿಡಿಸುತ್ತದೆ. ಆ ಚಕ್ಕೆಗಳನ್ನು ಎಂಜಿನ್ ಒಳಗೆಳೆದುಕೊಂಡರೆ ವಿಮಾನದ ಕಥೆ ಮುಗಿದಂತೆ. ಅದಕ್ಕೇ ಮಾರ್ಹಮ್‌ನಲ್ಲಿ ವಿಶೇಷ ಕಾಂಕ್ರೀಟಿನ ಇಳಿದಾಣಗಳನ್ನು ಕಟ್ಟಿದರು. 2021ರಲ್ಲಿ ದಳ ಎಚ್‌ಎಂಎಸ್ ಕ್ವೀನ್ ಎಲಿಜಬೆತ್ ಎಂಬ ವಿಮಾನವಾಹಕ ನೌಕೆ ಏರಿ ಪೆಸಿಫಿಕ್‌ವರೆಗೆ ಹೋಗಿ ಬಂತು. ಅಲ್ಲಿ ಕಾಂಕ್ರೀಟಿನ ಗೊಡವೆಯೇ ಇಲ್ಲ, ಡೆಕ್ಕಿನ ಉಕ್ಕಿಗೆ ಬಿಸಿ ತಾಳುವ ಲೋಹದ ಲೇಪ ಬಳಿದಿದ್ದಾರೆ. ಸ್ಕ್ಯಾಂಪ್ಟನ್ ವಾಯುನೆಲೆ ಮಾತ್ರ 2023ರಲ್ಲಿ ಮುಚ್ಚಿಹೋಯಿತು.