ತಂಗಿಯ ಮೌನವನ್ನು ರಾಜಿ ಅನ್ನಬೇಡಿ

ಪಾಲು ವಿಭಾಗದ ದಾವೆಗಳಲ್ಲಿ ಮಧ್ಯಸ್ಥಗಾರನಾಗಿ ಕೂತಾಗ ನಾನು ಮತ್ತೆ ಮತ್ತೆ ಕೇಳುವ ಮಾತು ಒಂದಿದೆ: "ನಮ್ಮ ತಂಗಿಗೆ ಏನೂ ಬೇಡ ಸಾರ್. ಅವಳೇ ಹೇಳಿದ್ದಾಳೆ." ಹೇಳುವವರು ಅಣ್ಣಂದಿರು. ತಂಗಿ ಪಕ್ಕದಲ್ಲೇ ಕೂತಿರುತ್ತಾಳೆ, ತಲೆ ಅಲ್ಲಾಡಿಸುತ್ತಾಳೆ. ಜಗಳ ಇರುವುದು ಅಣ್ಣ ತಮ್ಮಂದಿರ ನಡುವೆ. ಪಾಲುದಾರರೆಲ್ಲರನ್ನೂ ಸೇರಿಸದಿದ್ದರೆ ದಾವೆ ನಿಲ್ಲುವುದಿಲ್ಲ ಅಂತ ಅವಳನ್ನೂ ಪ್ರತಿವಾದಿ ಮಾಡಿರುತ್ತಾರೆ, ಅಷ್ಟೇ. ಅಲ್ಲೇ ರಾಜಿ ಪತ್ರ ಬರೆದು ಸಹಿ ಹಾಕಿಸಿಬಿಟ್ಟರೆ ಮಧ್ಯಾಹ್ನದೊಳಗೆ ಕೇಸು ಮುಗಿಯುತ್ತದೆ. ಕೋರ್ಟಿನ ಲೆಕ್ಕದಲ್ಲಿ ಅದು ಯಶಸ್ವಿ ಮಧ್ಯಸ್ಥಿಕೆ. ನನ್ನ ಲೆಕ್ಕದಲ್ಲಿ ಅಲ್ಲ.

ಶಾಂತಿ ಬೇಕು ಅಂತಲೇ ಜನ ನಮ್ಮ ಹತ್ತಿರ ಬರುತ್ತಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ ಈಗಿನ ರೂಪದಲ್ಲಿ 2002ರಲ್ಲಿ ಜಾರಿಗೆ ಬಂತು. ಕೇಸನ್ನು ಕೋರ್ಟಿನ ಹೊರಗೆ ಬಗೆಹರಿಸಲು ಕಳಿಸಬಹುದು ಅಂತ ಅದು ಹೇಳುತ್ತದೆ. ಬೆಂಗಳೂರಿನಲ್ಲಿ ಹೈಕೋರ್ಟಿನ ಆಶ್ರಯದಲ್ಲಿ ಮಧ್ಯಸ್ಥಿಕೆ ಕೇಂದ್ರ ಶುರುವಾಗಿದ್ದು 2007ರಲ್ಲಿ. ಆಮೇಲೆ ಜಿಲ್ಲೆಗಳಲ್ಲೂ ಬಂತು. 2023ರಲ್ಲಿ ಮಧ್ಯಸ್ಥಿಕೆಗೇ ಒಂದು ಕಾಯ್ದೆ ಆಯಿತು. ಇದೆಲ್ಲ ಒಳ್ಳೆಯದೇ. ಇಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ, ರಾಜಿ ಆಗದಿದ್ದರೆ "ಆಗಲಿಲ್ಲ" ಅಂತಷ್ಟೇ ಕೋರ್ಟಿಗೆ ತಿಳಿಸುತ್ತೇವೆ. ಯಾರು ಹಟ ಮಾಡಿದರು ಅಂತ ಬರೆಯುವುದಿಲ್ಲ. ಆ ಧೈರ್ಯಕ್ಕೇ ಜನ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಆದರೆ ಶಾಂತಿಯ ಹೆಸರಿನಲ್ಲಿ ಯಾರೋ ಒಬ್ಬರೇ ಯಾವಾಗಲೂ ಬಿಟ್ಟುಕೊಡುತ್ತಿದ್ದರೆ ಅದನ್ನು ಕಣ್ಣು ಮುಚ್ಚಿ ಒಪ್ಪಬಾರದು.

ಹೆಣ್ಣುಮಕ್ಕಳ ಪಾಲು ಸುಲಭಕ್ಕೆ ಬಂದದ್ದಲ್ಲ. ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಹಕ್ಕು ಕೊಡಲು ಹೊರಟಿದ್ದ ಹಿಂದೂ ಸಂಹಿತೆ ಮಸೂದೆಯನ್ನು ಕೈಬಿಟ್ಟಿದ್ದನ್ನು ಸಹಿಸಲಾಗದೆ ಡಾ. ಬಿ.ಆರ್. ಅಂಬೇಡ್ಕರ್ 1951ರಲ್ಲಿ ಕಾನೂನು ಮಂತ್ರಿಯ ಹುದ್ದೆಯನ್ನೇ ಬಿಟ್ಟರು. ರಾಜೀನಾಮೆಗೆ ಬೇರೆ ಕಾರಣಗಳೂ ಇದ್ದವು, ಆದರೆ ಇದು ಮುಖ್ಯವಾದದ್ದು. ಹೇಳಿದ್ದಕ್ಕೂ ಬದುಕಿದ್ದಕ್ಕೂ ನಡುವೆ ಅಂತರ ಇಟ್ಟುಕೊಳ್ಳದ ಮನುಷ್ಯ ಅವರು. 1956ರ ಉತ್ತರಾಧಿಕಾರ ಕಾಯ್ದೆ ಬಂದಾಗಲೂ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದ ಬರುವ ಹಕ್ಕು ಮಗಳಿಗೆ ಸಿಗಲಿಲ್ಲ. ಆಂಧ್ರ 1986ರಲ್ಲಿ, ತಮಿಳುನಾಡು 1989ರಲ್ಲಿ ತಿದ್ದುಪಡಿ ಮಾಡಿದವು. ನಮ್ಮ ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಜಾರಿಗೆ ಬಂತು. ಆದರೆ ಅಷ್ಟು ಹೊತ್ತಿಗಾಗಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟರು. ಅಕ್ಕನಿಗೆ ಮದುವೆಯಾಗಿದೆ, ಪಾಲಿಲ್ಲ. ತಂಗಿಗೆ ಆಗಿಲ್ಲ, ಪಾಲಿದೆ. ಒಂದೇ ಮನೆಯಲ್ಲಿ ಹೀಗೊಂದು ಗೆರೆ! ಅದು ಅಳಿಸಿದ್ದು 2005ರ ಸೆಪ್ಟೆಂಬರ್ 9ರಂದು, ಕೇಂದ್ರದ ತಿದ್ದುಪಡಿಯಿಂದ. ಮಗಳಿಗೆ ಪಾಲು ಸಿಗಲು ಆ ದಿನಕ್ಕೆ ಅಪ್ಪ ಬದುಕಿರಬೇಕಿತ್ತೇ ಎಂಬ ವಾದ ಮತ್ತೆ ಹದಿನೈದು ವರ್ಷ ನಡೆಯಿತು. ಬದುಕಿರಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಮಾನಿಸಿತು. "ಬಾಯಿಮಾತಲ್ಲೇ ಎಂದೋ ಪಾಲಾಗಿದೆ" ಅನ್ನುವ ವಾದವನ್ನು ಸುಮ್ಮನೆ ಒಪ್ಪಬಾರದು, ಅದಕ್ಕೆ ಸರ್ಕಾರಿ ದಾಖಲೆಗಳ ಆಧಾರ ಬೇಕು ಅಂತಲೂ ಅದೇ ತೀರ್ಪಿನಲ್ಲಿದೆ.

ಇಷ್ಟು ದೂರ ನಡೆದು ಬಂದ ಹಕ್ಕು ನನ್ನ ಮೇಜಿನ ಮೇಲೆ ಒಂದು ಸೀರೆ, ಒಂದಷ್ಟು ದುಡ್ಡಿಗೆ ಕರಗಿ ಹೋಗುವುದನ್ನು ನೋಡುತ್ತಾ ಕೂರಬೇಕಾ?

ಇಲ್ಲೊಂದು ತೊಡಕಿದೆ. ಮಧ್ಯಸ್ಥಗಾರ ಯಾರ ವಕೀಲನೂ ಅಲ್ಲ. "ನೀನು ಬಿಡಬೇಡಮ್ಮ" ಅಂತ ನಾನು ಹೇಳುವ ಹಾಗಿಲ್ಲ. ಹೇಳಿದರೆ ಅಣ್ಣಂದಿರಿಗೆ ನನ್ನ ಮೇಲೆ ನಂಬಿಕೆ ಹೋಗುತ್ತದೆ, ಹೋಗಬೇಕಾದದ್ದೇ. ಆದರೆ ಗೊತ್ತಿಲ್ಲದೆ ಸಹಿ ಹಾಕುವುದನ್ನು ಸಮ್ಮತಿ ಅಂತ ಬರೆಸಿಕೊಳ್ಳುವುದೂ ನನ್ನ ಕೆಲಸವಲ್ಲ. ಹಾಗಾಗಿ ಒಬ್ಬೊಬ್ಬರನ್ನೇ ಕೂರಿಸಿ ಮಾತಾಡುವಾಗ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತೇನೆ: "ಕೋರ್ಟಿನಲ್ಲಿ ತೀರ್ಪಾದರೆ ನಿಮಗೆ ಎಷ್ಟು ಬರುತ್ತೆ ಅಂತ ಗೊತ್ತಾ?" ಅಣ್ಣಂದಿರು ತಟ್ಟನೆ ಹೇಳುತ್ತಾರೆ. ತಂಗಿಯರಲ್ಲಿ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. "ನಿಮ್ಮ ವಕೀಲರನ್ನು ಕೇಳಿಕೊಂಡು ಬನ್ನಿ, ಆಮೇಲೆ ಮಾತಾಡೋಣ" ಅಂತ ದಿನ ಮುಂದಕ್ಕೆ ಹಾಕುತ್ತೇನೆ. ಅಷ್ಟೇ. ಅಣ್ಣಂದಿರಷ್ಟೇ ಪಾಲು ತನಗೂ ಇದೆ ಅಂತ ತಿಳಿದು ವಾಪಸ್ ಬಂದಾಗ ಅವರು ಕೂರುವ ರೀತಿಯೇ ಬೇರೆ ಇರುತ್ತದೆ.

ಒಂದು ಮನೆಯ ಕಥೆ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ತೆಂಗಿನ ತೋಟ, ಒಂದು ಬೋರ್‌ವೆಲ್, ಹಳೇ ತೊಟ್ಟಿ ಮನೆ, ಮನೆಯಲ್ಲಿ ವಯಸ್ಸಾದ ಅವ್ವ. ಅಣ್ಣ, ತಮ್ಮ, ಕೊನೆಯವಳು ತಂಗಿ. ತಮ್ಮ ದಾವೆ ಹಾಕಿದ್ದ. ಕೋರ್ಟು ಇಂಥದ್ದರಲ್ಲಿ ಮೊದಲು ಪ್ರಾಥಮಿಕ ಡಿಕ್ರಿ ಕೊಟ್ಟು ಯಾರಿಗೆ ಎಷ್ಟು ಭಾಗ ಅನ್ನುತ್ತದೆ. ಎಲ್ಲಿ ಗೆರೆ ಎಳೆಯಬೇಕು ಅನ್ನುವುದಕ್ಕೆ ಮತ್ತೊಂದು ಸುತ್ತು. ಕಂದಾಯ ಕೊಡುವ ಜಮೀನಾದರೆ ಅದು ಡಿಸಿ ಕಚೇರಿಗೆ ಹೋಗುತ್ತದೆ. ವರ್ಷಗಳು ಉರುಳುತ್ತವೆ. ಕೊನೆಗೆ ಜಮೀನು ತುಂಡಾಗುತ್ತದೆ, ಆದರೆ ನೀರು ಯಾರಿಗೆ ಯಾವ ದಿನ, ಗೌರಿ ಹಬ್ಬಕ್ಕೆ ತಂಗಿ ಯಾವ ಬಾಗಿಲಿಗೆ ಬರಬೇಕು, ಇದನ್ನು ಯಾವ ಡಿಕ್ರಿಯೂ ಹೇಳುವುದಿಲ್ಲ.

ಅಣ್ಣ ತಂದಿದ್ದ ನಕ್ಷೆಯಲ್ಲಿ ರಸ್ತೆ ಪಕ್ಕದ ಭಾಗ, ಬೋರ್‌ವೆಲ್ ಎರಡೂ ಅವನ ಕಡೆ. ತಮ್ಮ ತಂದಿದ್ದ ನಕ್ಷೆಯಲ್ಲಿ ಎರಡೂ ತಮ್ಮನ ಕಡೆ. ತಂಗಿಯ ಹೆಸರು ಎರಡರಲ್ಲೂ ಇರಲಿಲ್ಲ. ಮೂರು ಬಾರಿ ಕೂತರೂ ಒಂದು ಗೇಣು ಅಲ್ಲಾಡಲಿಲ್ಲ. ಆಗ ನಾನು ಹಳ್ಳಿಗಳ ಹಳೇ ರೂಢಿಯೊಂದನ್ನು ನೆನಪಿಸಿದೆ: ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಿಕೊಳ್ಳಬೇಕು. ಇಬ್ಬರೂ ಒಪ್ಪಿದರು. ನಮ್ಮಪ್ಪನ ಕಾಲದಲ್ಲೂ ಹಾಗೇ ಮಾಡಿದ್ದು ಅಂದ ಅಣ್ಣ. "ಸರಿ, ನಿಮ್ಮಲ್ಲಿ ಕಿರಿಯರು ಯಾರು?" ಅಂತ ಕೇಳಿದೆ. ತಮ್ಮ "ನಾನೇ" ಅಂತ ಬಾಯಿ ತೆರೆದವನು ಪಕ್ಕಕ್ಕೆ ತಿರುಗಿ ನೋಡಿದ. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಅಣ್ಣನೇ "ಅವಳು ಸಾರ್" ಅಂದ.

ಮುಂದಿನ ಸಲ ಬಂದ ನಕ್ಷೆಯನ್ನು ನೋಡಬೇಕಿತ್ತು! ಯಾವ ಭಾಗ ತನ್ನ ಪಾಲಿಗೆ ಬರುತ್ತೋ ಅಣ್ಣನಿಗೆ ಗೊತ್ತಿಲ್ಲವಲ್ಲ, ಕೊನೆಗೆ ಆರಿಸುವವನು ಅವನೇ. ಮೂರು ಭಾಗಕ್ಕೂ ಗಾಡಿ ಹೋಗುವಷ್ಟು ದಾರಿ. ಬೋರ್‌ವೆಲ್ ಮೂವರಿಗೂ ಸೇರಿದ್ದು, ವಾರಕ್ಕೆ ತಲಾ ಎರಡು ದಿನ ನೀರು, ಭಾನುವಾರ ಅವ್ವನ ಹಿತ್ತಲಿಗೆ. ರಿಪೇರಿ ಖರ್ಚು ಸಮಪಾಲು. ಫಸಲು ಕಡಿಮೆ ಇರುವ ತುದಿಗೆ ಒಂದಿಷ್ಟು ಗುಂಟೆ ಜಾಸ್ತಿ. ನಾನಾಗಲಿ, ಸರ್ವೆಯವರಾಗಲಿ ಇಷ್ಟು ಸೂಕ್ಷ್ಮವಾಗಿ ಹಂಚಲು ಆಗುತ್ತಿರಲಿಲ್ಲ. ಯಾವ ಮರ ಎಷ್ಟು ಕಾಯಿ ಬಿಡುತ್ತದೆ ಅಂತ ಅವನಿಗೆ ತಾನೇ ಗೊತ್ತಿದ್ದದ್ದು? ಸೃಜನಶೀಲತೆ ಅಂದರೆ ಕಥೆ, ಚಿತ್ರ, ಸಂಗೀತ ಅಂತಷ್ಟೇ ಅಂದುಕೊಳ್ಳುತ್ತೇವೆ. ಕಣ್ಣೀರಿನಲ್ಲಿ, ಸಿಟ್ಟಿನಲ್ಲಿ ಕೂತ ಮೂವರು ಸೇರಿ ಇಂಥದ್ದೊಂದು ವ್ಯವಸ್ಥೆ ಹುಡುಕುತ್ತಾರಲ್ಲ, ನನಗೆ ಅದಕ್ಕಿಂತ ದೊಡ್ಡ ಸೃಷ್ಟಿ ಕಂಡಿಲ್ಲ.

ತಂಗಿ ರಸ್ತೆ ಪಕ್ಕದ್ದನ್ನು ಆರಿಸಲಿಲ್ಲ. ಅಪ್ಪ ಕೊನೆಯ ಸಲ ಸಸಿ ನೆಟ್ಟ ಮೂಲೆ ಕೇಳಿದಳು. ಅವ್ವನಿಗೂ ಗಂಡನ ಪಾಲಿನಲ್ಲಿ ಹಕ್ಕಿದೆ. ಅದಕ್ಕೆ ಬದಲಾಗಿ ಹಳೇ ಮನೆಯ ಎರಡು ಅಂಕಣ ಅವಳ ಹೆಸರಿಗೆ ಬಂತು, ಮೂವರೂ ಹಬ್ಬಕ್ಕೆ ಅಲ್ಲೇ ಸೇರಬೇಕು ಅಂತ ಅವಳೇ ಹೇಳಿ ಬರೆಸಿದಳು. ಆ ಷರತ್ತನ್ನು ಕೋರ್ಟಿನ ಅಮೀನರು ಬಂದು ಜಾರಿ ಮಾಡಲು ಆಗುವುದಿಲ್ಲ, ನಿಜ. ಆದರೂ ಬರೆದೆವು.

ವಕೀಲ ಮಿತ್ರರಿಗೆ ಒಂದು ಮಾತು. ರಾಜಿ ಪತ್ರ ಒಪ್ಪಿ ಕೋರ್ಟು ಕೊಡುವ ರಾಜಿ ಡಿಕ್ರಿಯ ಮೇಲೆ ಸಾಮಾನ್ಯವಾಗಿ ಅಪೀಲು ಇಲ್ಲ. ರಾಜಿ ಕಾನೂನುಬದ್ಧವಲ್ಲ ಅಂತ ಬೇರೆ ದಾವೆ ಹಾಕಲೂ ಬರುವುದಿಲ್ಲ, ಡಿಕ್ರಿ ಕೊಟ್ಟ ಕೋರ್ಟಿಗೇ ಹೋಗಬೇಕು. ಅಂದರೆ ಆ ಒಂದು ಸಹಿಯ ಭಾರ ಅಷ್ಟಿದೆ. "ಹಕ್ಕು ಬಿಟ್ಟಿದ್ದೇನೆ" ಅನ್ನುವ ಸಾಲಿನ ಮೇಲೆ ಇವರ ಪಾಲು ಇಷ್ಟು ಅಂತ ಎಕರೆ, ಗುಂಟೆಯಲ್ಲಿ ಬರೆಯಿರಿ. ಕನ್ನಡದಲ್ಲಿ ಬರೆಯಿರಿ. ಅವರೇ ಓದಲಿ, ಓದಲು ಬರದಿದ್ದರೆ ಅಣ್ಣಂದಿರು ಕೋಣೆಯ ಹೊರಗಿರುವಾಗ ಓದಿ ಹೇಳಿ. ಇದಕ್ಕೆ ಬೇಕಿರುವುದು ಅರ್ಧ ಗಂಟೆ. ಇತ್ಯರ್ಥವಾದ ಕೇಸುಗಳ ಸಂಖ್ಯೆ ಒಂದು ಕಡಿಮೆಯಾದರೆ ಆಗಲಿ.

ಎಲ್ಲ ತಿಳಿದ ಮೇಲೂ ಬಿಟ್ಟುಕೊಡುವವರು ಇದ್ದಾರೆ. ಹಾಸಿಗೆ ಹಿಡಿದ ಅಪ್ಪನನ್ನು ಕೊನೆವರೆಗೂ ನೋಡಿಕೊಂಡ ತಮ್ಮನಿಗೆ ತನ್ನ ಪಾಲು ಹೋಗಲಿ ಅಂದ ಅಕ್ಕ ಒಬ್ಬರಿದ್ದರು. ವಕೀಲರನ್ನು ಕೇಳಿ ಬಂದಿದ್ದರು, ಬೆಲೆ ಗೊತ್ತಿತ್ತು. ಆ ಕಾರಣವನ್ನೇ ರಾಜಿ ಪತ್ರದಲ್ಲಿ ಬರೆಸಿ ಅಂತ ಕೇಳಿದರು. ತಮ್ಮ ಬೇಡ ಅಕ್ಕ, ಬೇಡ ಅಕ್ಕ ಅನ್ನುತ್ತಲೇ ಇದ್ದ. ಅವರು ಕೇಳಲಿಲ್ಲ. ಕನ್ನಡಕ ಹಾಕಿಕೊಂಡು ಪ್ರತಿ ಪುಟ ಓದಿ, ಒಂದು ಕಡೆ ತಪ್ಪಾಗಿದ್ದ ಸರ್ವೆ ನಂಬರು ತಿದ್ದಿಸಿ, ಆಮೇಲೆ ಸಹಿ ಹಾಕಿದರು.