ಕೆಜಿಗೆ ಎಷ್ಟು ಅಂತ ಕೇಳುವ ಮೊದಲು

ಬೆಳಗಾವಿಯ ಫೌಂಡ್ರಿಗಳಲ್ಲಿ ಮೆಥಡ್ಸ್ ಕೆಲಸ, ಅಂದರೆ ಯಾವ ಮಾಲನ್ನು ಯಾವ ಅಚ್ಚಿನಲ್ಲಿ ಹೇಗೆ ಎರಕ ಹೊಯ್ಯಬೇಕೆಂದು ಗೊತ್ತುಮಾಡುವ ಕೆಲಸ ಹಿಡಿದು ಇಪ್ಪತ್ತು ವರ್ಷ ದಾಟಿತು. ಗಿರಾಕಿಗಳ ಮೊದಲ ಪ್ರಶ್ನೆ ಮಾತ್ರ ಇನ್ನೂ ಅದೇ: "ಕೆಜಿಗೆ ಎಷ್ಟು ಬೀಳ್ತದ್ರಿ?" ಬೆಲ್ಲಕ್ಕಾದರೆ ಸರಿಯಾದ ಪ್ರಶ್ನೆ.

ಮೊನ್ನೆ ಒಬ್ಬರು ಅಲ್ಯೂಮಿನಿಯಂನ ಗೇರ್‌ಬಾಕ್ಸ್ ಕವರ್ ತಂದು ಟೇಬಲ್ ಮೇಲಿಟ್ಟರು. ಎರಡು ಕೆಜಿ ತೂಗುವ ಮಾಲು. ಗೋಡೆ 5 ಮಿಮೀ, ಬೇರಿಂಗ್ ಕೂರುವಲ್ಲಿ ಒಮ್ಮೆಲೇ 25 ಮಿಮೀ ದಪ್ಪ. "ನಮ್ಮ ಎದುರಾಳಿ ಕಂಪನಿದು ಕನ್ನಡಿ ಹಂಗ ಐತ್ರಿ. ನಮಗೂ ಪ್ರೆಷರ್ ಡೈ ಕಾಸ್ಟಿಂಗೇ ಬೇಕು." ವರ್ಷಕ್ಕೆ ಎಷ್ಟು ಪೀಸು ಅಂದೆ. ನಾನೂರು ಅಂದರು.

ಅಲ್ಲಿಗೇ ಅರ್ಧ ಉತ್ತರ ಸಿಕ್ಕಿತು. ಪ್ರೆಷರ್ ಡೈ ಅಂದರೆ ಗಟ್ಟಿ ಉಕ್ಕಿನಲ್ಲಿ ಕೊರೆದ ಅಚ್ಚು, ಲಕ್ಷಗಳ ಬಾಬತ್ತು. ಆರು ಲಕ್ಷ ಅಂತಲೇ ಹಿಡಿಯಿರಿ. ಮೊದಲ ವರ್ಷದ ನಾನೂರು ಪೀಸಿಗೆ ಹಂಚಿದರೆ ಒಂದೊಂದರ ತಲೆಗೆ ಸಾವಿರದ ಐನೂರು ರೂಪಾಯಿ ಅಚ್ಚಿನ ಸಾಲ. ಒಳಗಿರುವ ಲೋಹದ ಬೆಲೆಯೂ ಅಷ್ಟಾಗುವುದಿಲ್ಲ. ಅದೇ ಡೈ ಲಕ್ಷ ಪೀಸು ಹೊಡೆಯಲೆಂದೇ ಹುಟ್ಟಿದ್ದು. ಬೈಕಿನ ಕ್ರ್ಯಾಂಕ್‌ಕೇಸ್ ಮಾಡುವವರಿಗೆ ಆ ಸಾಲ ಪೀಸಿಗೆ ಆರು ರೂಪಾಯಿಗೆ ಇಳಿಯುತ್ತದೆ.

ಉಳಿದರ್ಧ ಉತ್ತರ ಆ ಮಾಲಿನ ಹೊಟ್ಟೆಯೊಳಗಿದೆ. ಪ್ರೆಷರ್ ಡೈನಲ್ಲಿ ಕರಗಿದ ಲೋಹವನ್ನು ಪಿಸ್ಟನ್ ಹಿಂದಿನಿಂದ ದಬ್ಬುತ್ತದೆ. ಲೋಹ ಅಚ್ಚಿನೊಳಗೆ ನುಗ್ಗುವ ಬಾಯಿಯಾದ ಗೇಟಿನ ಸಂದಿಯಲ್ಲಿ ಅದರ ವೇಗ ಸೆಕೆಂಡಿಗೆ 30ರಿಂದ 60 ಮೀಟರ್. ಕಣ್ಣು ಮಿಟುಕಿಸುವುದರೊಳಗೆ ಅಚ್ಚು ತುಂಬಿರುತ್ತದೆ. ಆ ರಭಸಕ್ಕೆ ಒಳಗಿದ್ದ ಗಾಳಿಗೆ ಹೊರಹೋಗಲು ಪುರುಸೊತ್ತಿಲ್ಲ, ಸಣ್ಣ ಸಣ್ಣ ಗುಳ್ಳೆಯಾಗಿ ಲೋಹದೊಳಗೇ ಸಿಕ್ಕಿಕೊಳ್ಳುತ್ತದೆ. ಮೇಲ್ಚರ್ಮ ಮಾತ್ರ ಗಟ್ಟಿ, ನುಣುಪು. ಗಿರಾಕಿ ನೋಡುವುದೂ ಅದನ್ನೇ. ಮಷಿನ್‌ಗೆ ಹಾಕಿ ಎರಡು ಮಿಮೀ ತೆಗೆದಿರೋ, ರಂಧ್ರಗಳು ಬಾಯಿ ಬಿಡುತ್ತವೆ, ಎಣ್ಣೆ ಒಸರುತ್ತದೆ.

ಇದನ್ನು ನಾನು ಕಲಿತದ್ದು ದುಡ್ಡು ಕಳೆದುಕೊಂಡು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಲಾಟ್ ಪ್ರೆಷರ್ ಡೈ ಬ್ರ್ಯಾಕೆಟ್‌ಗಳಿಗೆ ಇನ್ನಷ್ಟು ಬಲ ಬರಲಿ ಅಂತ ಹೀಟ್ ಟ್ರೀಟ್‌ಮೆಂಟ್ ಮಾಡಿಸೋಣ ಎಂದು ನಾನೇ ಸಲಹೆ ಕೊಟ್ಟೆ. ಅಲ್ಯೂಮಿನಿಯಂ 530 ಡಿಗ್ರಿ ಆಸುಪಾಸಿನಲ್ಲಿ ಗಂಟೆಗಟ್ಟಲೆ ಕುಲುಮೆಯಲ್ಲಿ ಇರಬೇಕು. ಆ ಕಾವಿಗೆ ಲೋಹ ಮೆತ್ತಗಾಯಿತು, ಒಳಗೆ ಸಿಕ್ಕಿಬಿದ್ದ ಗಾಳಿ ಉಬ್ಬಿತು. ಕುಲುಮೆಯ ಬಾಗಿಲು ತೆರೆದಾಗ ಟ್ರೇ ತುಂಬ ಕರಿದ ಹಪ್ಪಳ! ಮೈಮೇಲೆಲ್ಲ ಬೊಕ್ಕೆ. ಕುಲುಮೆಯವನು ನನ್ನ ಮುಖ ನೋಡಿದ, ಏನೂ ಅನ್ನಲಿಲ್ಲ. ಈಗ ಅಚ್ಚಿನ ಗಾಳಿಯನ್ನು ಮೊದಲೇ ಹೀರಿ ತೆಗೆಯುವ ವ್ಯಾಕ್ಯೂಮ್ ವ್ಯವಸ್ಥೆ ಇದೆ, ಆದರೆ ಅದರ ಖರ್ಚು ಬೇರೆ. ಹಾಗಾಗಿ ನನ್ನ ಎರಡನೇ ಪ್ರಶ್ನೆ ಯಾವಾಗಲೂ ಇದು: ಎರಕ ಆದಮೇಲೆ ಇದಕ್ಕೆ ಏನು ಮಾಡುತ್ತೀರಿ? ಬೆಸುಗೆ ಹಾಕುತ್ತೀರಾ, ಕಾಯಿಸುತ್ತೀರಾ, ಎಣ್ಣೆ ತುಂಬುತ್ತೀರಾ?

ಹಾಗಾದರೆ ಮರಳಿನ ಅಚ್ಚು? ಜನ ಇದನ್ನು ಹಳೇ ಕಾಲದ್ದು ಅಂತ ಮೂಗು ಮುರಿಯುತ್ತಾರೆ. ಹಿಡಿಯಲ್ಲಿ ಹಿಡಿಯುವ ಪೀಸಿನಿಂದ ಟನ್‌ಗಟ್ಟಲೆ ತೂಗುವ ಮಷಿನ್ ಬೆಡ್‌ವರೆಗೆ ಇನ್ನೂ ಇದೇ ಗತಿ. ಬೀಡಿಗೆ (ಎರಕದ ಕಬ್ಬಿಣಕ್ಕೆ), ಉಕ್ಕಿಗೆ ಪ್ರೆಷರ್ ಡೈ ಒಗ್ಗುವುದೂ ಇಲ್ಲ. 1,400 ಡಿಗ್ರಿಯ ಬೀಡಿಗೆ ಉಕ್ಕಿನ ಅಚ್ಚು ಎಷ್ಟು ಹೊಡೆತ ತಡೆದೀತು? ಮರಳಿಗೆ ಆ ಚಿಂತೆಯಿಲ್ಲ. ಒಡೆಯಲೆಂದೇ ಕಟ್ಟಿದ ಅಚ್ಚು ಅದು.

ನಮ್ಮಲ್ಲೊಬ್ಬ ಹಿರಿಯ ಮೋಲ್ಡರ್, ಮರಳಿನ ಅಚ್ಚು ಕಟ್ಟುವವರು, ಇದ್ದರು. ಬೆಳಿಗ್ಗೆ ಬಂದವರೇ ಮಿಕ್ಸರ್‌ನಿಂದ ಒಂದು ಹಿಡಿ ಮರಳು ತೆಗೆದು ಮುಷ್ಟಿ ಬಿಗಿಯುತ್ತಿದ್ದರು. ಬಿಟ್ಟಾಗ ಬೆರಳ ಗುರುತು ಚೊಕ್ಕವಾಗಿ ಮೂಡಿರಬೇಕು, ಅಂಗೈಗೆ ಅಂಟಿರಬಾರದು. ಆಮೇಲೆ ಉಂಡೆಯನ್ನು ಎರಡಾಗಿ ಮುರಿಯುವುದು. ಅಂಚು ನೆಟ್ಟಗೆ ಮುರಿದರೆ ತಲೆಯಾಡಿಸುವರು, ಉದುರಿದರೆ "ನೀರ ಕಮ್ಮಿ ಆಗೇತಿ" ಎನ್ನುವರು. ಲ್ಯಾಬಿನಲ್ಲಿ ತೇವ ಶೇ. 3ರಿಂದ 4ರೊಳಗೆ ಇದೆಯೇ ಅಂತ ನಾವು ಅಳೆದು ಮುಗಿಸುವಷ್ಟರಲ್ಲಿ ಅವರು ನಾಲ್ಕು ಬಾಕ್ಸ್ ಕಟ್ಟಿರುತ್ತಿದ್ದರು. ನೀರು ಹೆಚ್ಚಾದರೆ ಆವಿ ಲೋಹದೊಳಗೆ ನುಗ್ಗಿ ಬ್ಲೋಹೋಲ್ ಎಂಬ ಗುಳ್ಳೆತೂತು, ಕಡಿಮೆಯಾದರೆ ಅಚ್ಚಿನ ಅಂಚು ಕುಸಿದು ಮರಳು ಲೋಹದಲ್ಲಿ ಸೇರುವುದು. ಮರಳಿನ ಎರಕದ ರಿಜೆಕ್ಷನ್ನಿಗೆ ಕಾರಣ ಹುಡುಕಲು ನಾನು ಮೊದಲು ಹೋಗುವುದು ಮಿಕ್ಸರ್ ಹತ್ತಿರ.

ಪ್ಯಾಟರ್ನ್, ಅಂದರೆ ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ, ಮಾಡುವ ಬಡಗಿಯ ಸ್ಕೇಲು ಕೂಡ ಬೇರೆಯದೇ. ಅವನ ಒಂದು ಮೀಟರು ನಿಜವಾದ ಮೀಟರಿಗಿಂತ ಉದ್ದ! ಆರುವಾಗ ಬೀಡು ಮೀಟರಿಗೆ ಸುಮಾರು 10 ಮಿಮೀ, ಅಲ್ಯೂಮಿನಿಯಂ 13, ಉಕ್ಕು 20 ಮಿಮೀ ಕುಗ್ಗುವುದರಿಂದ ಆ ಲೆಕ್ಕ ಸ್ಕೇಲಿನಲ್ಲೇ ಕೂಡಿಸಿರುತ್ತದೆ. ಬೀಡಿನ ಸ್ಕೇಲು ಹಿಡಿದು ಉಕ್ಕಿನ ಪ್ಯಾಟರ್ನ್ ಮಾಡಿದರೆ ಬರುವ ಮಾಲು ಚಿಕ್ಕಪ್ಪನ ಅಂಗಿ ಅಣ್ಣನಿಗೆ ಹೊಲಿದಂತೆ, ಎಲ್ಲೂ ಕೂರುವುದಿಲ್ಲ.

ಇನ್ನು ಮೇಣದ ಎರಕ, ಇನ್ವೆಸ್ಟ್‌ಮೆಂಟ್ ಕಾಸ್ಟಿಂಗ್. ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಅರಸ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲೇ ಇದರ ವಿಧಾನ ಬರೆದಿದೆ. ಮೇಣದ ಮೂರ್ತಿ ಮಾಡಿ ತೂಗು, ಮಣ್ಣು ಬಳಿ, ಕಾಯಿಸಿ ಮೇಣ ಹರಿಸು, ಟೊಳ್ಳಿಗೆ ಲೋಹ ಹೊಯ್ಯಿ. ಎಷ್ಟು ಲೋಹ ಬೇಕೆಂಬುದಕ್ಕೆ ಮೇಣದ ತೂಕವೇ ಅಳತೆ. ನಾವು ಇವತ್ತೂ ಸಾಂದ್ರತೆ ಹಿಡಿದು ಅದೇ ಗುಣಾಕಾರ ಮಾಡುತ್ತೇವೆ. ಮಣ್ಣಿನ ಜಾಗಕ್ಕೆ ಸೆರಾಮಿಕ್ ಪುಡಿಯ ರಾಡಿ (ಸ್ಲರಿ) ಬಂದಿದೆ. ಆರೆಂಟು ಪದರ, ಪ್ರತಿ ಪದರವೂ ಗಂಟೆಗಟ್ಟಲೆ ಒಣಗಬೇಕು. ಅವಸರದವರಿಗೆ ಹೇಳಿದ ಕೆಲಸವಲ್ಲ, ಅಗ್ಗವೂ ಅಲ್ಲ. ಆದರೆ ಸ್ಟೇನ್‌ಲೆಸ್ ಸ್ಟೀಲಿನ ಸಣ್ಣ ಇಂಪೆಲ್ಲರ್ (ಪಂಪಿನ ರೆಕ್ಕೆಚಕ್ರ), ವಿಮಾನದ ಎಂಜಿನ್ನಿನ ಟರ್ಬೈನ್ ಬ್ಲೇಡ್, ಹೀಗೆ ಮಷಿನಿಂಗ್ ಮಾಡಲು ಟೂಲೇ ತಲುಪದ ತಿರುವುಗಳಿದ್ದರೆ ಇದೇ ಸರಿ. ಇಲ್ಲಿ ಕೆಜಿ ದರ ಕೇಳಿ ಗಾಬರಿಯಾಗುವವರು ಉಳಿತಾಯವಾಗುವ ಮಷಿನಿಂಗ್ ಖರ್ಚನ್ನು ಲೆಕ್ಕಕ್ಕೇ ಹಿಡಿದಿರುವುದಿಲ್ಲ.

ಲೈನರ್, ಪೈಪು, ಬುಷ್‌ನಂಥ ಕೊಳವೆಯಾಕಾರದ ಮಾಲಿಗೆ ತಿರುಗುವ ಅಚ್ಚಿನ ಸೆಂಟ್ರಿಫ್ಯೂಗಲ್ ಎರಕವೇ ಒಳ್ಳೆಯದು. ಮಜ್ಜಿಗೆ ಕಡೆದಾಗ ಬೆಣ್ಣೆ ಬೇರೆಯಾಗುವಂತೆ ಹಗುರವಾದ ಕಸ ಒಳಮೈಗೆ ಬಂದು ನಿಲ್ಲುತ್ತದೆ, ಒಳಮೈ ಕೊರೆಯುವ ಬೋರಿಂಗ್‌ನಲ್ಲಿ ಕಿತ್ತು ಹಾಕಿದರಾಯಿತು. ಗುಂಡಗಿಲ್ಲದ ಮಾಲಿಗೆ ಅದರ ಸುದ್ದಿ ಬೇಡ.

ಆ ಕವರಿನವರಿಗೆ ನಾನು ಹೇಳಿದ್ದು ಗ್ರಾವಿಟಿ ಡೈ. ಅಚ್ಚು ಲೋಹದ್ದೇ, ಆದರೆ ದಬ್ಬುವ ಪಿಸ್ಟನ್ ಇಲ್ಲ, ಲೋಹ ತನ್ನ ತೂಕಕ್ಕೇ ಇಳಿಯುತ್ತದೆ. ಗಾಳಿಗೆ ಹೊರಬೀಳಲು ದಾರಿ ಇರುತ್ತದೆ, ಬೇಕಾದರೆ ಹೀಟ್ ಟ್ರೀಟ್‌ಮೆಂಟೂ ಮಾಡಬಹುದು. ಅಚ್ಚಿನ ಖರ್ಚೂ ಕಡಿಮೆ. ಹೊಳಪು ಅಷ್ಟಿರುವುದಿಲ್ಲ ಅಂತಲೂ ಮೊದಲೇ ಹೇಳಿಬಿಟ್ಟೆ. ಆದರೂ ಆ 25 ಮಿಮೀ ಜಾಗ ನನಗೆ ಹಿಡಿಸಲಿಲ್ಲ. ತೆಳು ಗೋಡೆ ಮೊದಲು ಗಟ್ಟಿಯಾಗಿ ದಾರಿ ಮುಚ್ಚಿದರೆ ದಪ್ಪನೆಯ ಭಾಗ ಆರುವಾಗ ಕುಡಿಯಲು ಲೋಹ ಸಿಗದೆ ಒಳಗೆ ಟೊಳ್ಳು ಬೀಳುತ್ತದೆ. ಅದಕ್ಕೆ ಅಲ್ಲೊಂದು ರೈಸರ್, ಅಂದರೆ ಆರುವಾಗ ಲೋಹ ಉಣಿಸುವ ಗುಂಡಿ, ಕೊಡಲೇಬೇಕು, ಗೋಡೆಯಿಂದ ಆ ದಪ್ಪ ಭಾಗಕ್ಕೆ ಇಳಿಜಾರಾಗಿ ದಪ್ಪ ಏರಬೇಕು.

"ಡ್ರಾಯಿಂಗ್ ಬದಲಾಯಿಸಬೇಕೇನ್ರಿ ಮತ್ತ?" ಅಂದರು ಬೇಸರದಿಂದ. ಹೌದು ಅಂದೆ. ಮಷಿನಿಂಗ್ ಎಲ್ಲೆಲ್ಲಿ ಮಾಡುತ್ತೀರಿ ಅಂತ ಕೆಂಪು ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ಕೊಡಿ, ಉಳಿದ ಮೂಲೆಗಳಿಗೆಲ್ಲ ನಾನು ರೇಡಿಯಸ್ ಕೊಟ್ಟು ದುಂಡಗೆ ಮಾಡುತ್ತೇನೆ ಅಂತ ಪೆನ್ಸಿಲ್ ಅವರ ಕೈಗಿಟ್ಟೆ. ಗುರುತು ಹಾಕುತ್ತಾ ಹಾಕುತ್ತಾ ತಲೆ ಎತ್ತದೆಯೇ ಕೇಳಿದರು: "ಅದಿರ್ಲಿ, ಕೆಜಿಗೆ ಎಷ್ಟಾತ್ರಿ?"